ಬಗ್ಗಿಸಿ ಕಟ್ಟಿದ ಸಸಿಗಳು

ಫೆಬ್ರವರಿ 3

ಅಮ್ಮಾ,

ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀನೇ ಸೇರಿಸಿಕೊಳ್ಳುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ.

ಹೊಸ ವರ್ಷದ ರಜೆಯಲ್ಲಿ ನೀನು ಇಲ್ಲಿಗೆ ಬಂದಿದ್ದಾಗ, ನಿನ್ನನ್ನು ಕ್ವಾರ್ಟರ್ಸಿನಲ್ಲಿ ಬಿಟ್ಟು ನಾನು ತರಬೇತಿಗೆ ಹೊರಟೆನಲ್ಲ, ಅದು ಮುಗಿದು ಈ ಸೋಮವಾರ ವಾಪಸ್ಸಾದೆ. ಚೀಲವನ್ನು ಬಾಗಿಲಲ್ಲೇ ಎಸೆದು ನೇರವಾಗಿ ನರ್ಸರಿಗೆ ಹೋದೆ. ಹಸಿರು ಬಲೆ ಸರಿಸಿ ಒಳಗೆ ಕಾಲಿಟ್ಟೆ. ನನ್ನ ಸಸಿಗಳೆಲ್ಲ ನೆಟ್ಟಗೆ ನಿಂತಿದ್ದವು! ಒಂದೆರಡಲ್ಲ, ಇನ್ನೂರಕ್ಕೂ ಮೇಲೆ, ಒಂದನ್ನೂ ಬಿಟ್ಟಿಲ್ಲ. ಓರೆಯಾಗಿ ಚುಚ್ಚಿದ್ದ ಆಸರೆ ಕೋಲುಗಳನ್ನು ಕಿತ್ತು, ಕುಂಡದ ನಡುವೆ ನೆಟ್ಟಗೆ ಊರಿ, ಸಸಿಗಳನ್ನು ಅವಕ್ಕೆ ಬಿಗಿದಿದ್ದರು. ಶಾಲೆಯಲ್ಲಿ ಡ್ರಿಲ್ಲಿಗೆ ನಿಲ್ಲಿಸಿದ ಮಕ್ಕಳ ಹಾಗೆ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

ಅವನ್ನು ಬೇಕೆಂದೇ ಬಗ್ಗಿಸಿ ಕಟ್ಟಿದ್ದು ಎನ್ನುವುದು ಈ ಮರ ಸಂಶೋಧನಾ ಕೇಂದ್ರದ ಬೆಕ್ಕಿಗೂ ಗೊತ್ತು. ಇನ್ನೆರಡು ತಿಂಗಳು ಕಳೆದಿದ್ದರೆ ಅವನ್ನು ಕತ್ತರಿಸಿ, ಕಾಂಡದ ತುಂಡುಗಳಲ್ಲಿ ಸದ್ದು ಹಾಯಿಸಿ, ಒಣಗಿಸಿ, ಅಳೆದು, ಇಂಥವು ಮೂವತ್ತು ವರ್ಷದ ಮರಗಳಾದಾಗ ತೊಲೆಗೆ ತಾಳುತ್ತವೋ, ಹಲಗೆ ಕೊಯ್ದ ಮೇಲೆ ತಿರುಚಿಕೊಳ್ಳುತ್ತವೋ ಎಂದು ಹೇಳಬೇಕಾಗಿತ್ತು. ಹೇಳಬಲ್ಲೆ ಎಂದು ನಿರ್ದೇಶಕರ ಮೇಜು ಕುಟ್ಟಿ ಹೇಳಿದ್ದೆ. ಇಲ್ಲಿ ಒಬ್ಬರು ಹಿರಿಯ ವಿಜ್ಞಾನಿ ಇದ್ದಾರೆ. ದೊಡ್ಡ ಮರ ಕೊಯ್ದು ನೋಡದ ಹೊರತು ಏನನ್ನೂ ನಂಬದವರು, ಅದಕ್ಕೇ ಎಲ್ಲರೂ ಅವರನ್ನು ಗರಗಸ ಮೇಷ್ಟ್ರು ಅನ್ನುವುದು. "ತೊಟ್ಟಿಲು ನೋಡಿ ಮದುವೆ ಊಟದ ರುಚಿ ಹೇಳೋಕಾಗಲ್ಲ ಕಣಮ್ಮ" ಎಂದು ಎಲ್ಲರ ಮುಂದೆ ನಕ್ಕಿದ್ದರು. ಅವರ ಬಾಯಿ ಮುಚ್ಚಿಸಬೇಕಾಗಿತ್ತು. ನನ್ನ ಕೆಲಸ ಕಾಯಂ ಆಗುವುದೂ ಈ ಸಸಿಗಳ ಮೇಲೇ ನಿಂತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನರ್ಸರಿಯ ಕೀಲಿ ಇರುವುದು ನೀರಕ್ಕನ ಹತ್ತಿರ. ಸಸಿಗಳಿಗೆ ನೀರು ಹಾಕುವಾಕೆ, ಗೇಟಿನ ಪಕ್ಕದ ಕೋಣೆಯವಳು, ನೀನೂ ನೋಡಿದ್ದೀಯ. ನಿರ್ದೇಶಕರು ಅವಳನ್ನು ಕರೆಸಿ, "ನೀನು ಮಾಡಿದ್ಯಾ?" ಅಂದರು. "ಇಲ್ಲ ಸಾರ್." "ಮತ್ಯಾರು ಮಾಡಿದ್ರು?" ಬಾಯಿಗೆ ಬೀಗ. ನನ್ನ ಮುಖವನ್ನೇ ನೋಡುತ್ತಾ ನಿಂತಳು. ಎಂಥ ಗಟ್ಟಿ ಹೆಂಗಸು ಅಂತೀಯ! ನರ್ಸರಿಯ ಜವಾಬ್ದಾರಿ ಅವಳದ್ದು ಎಂದು ನಾನು ಹೇಳಿದೆ. ಅದರಲ್ಲಿ ಸುಳ್ಳೇನಿದೆ? ಕೆಲಸದಿಂದ ತೆಗೆದರು, ಕೋಣೆಯನ್ನೂ ಬಿಡಿಸಿದರು.

ಇನ್ನೊಂದು ಮಾತು. ನೀನು ಬಂದಿದ್ದ ಸುದ್ದಿಯನ್ನು ಯಾರ ಹತ್ತಿರವೂ ಎತ್ತಬೇಡ. ಹೊರಗಿನವರು ಕೇಂದ್ರದೊಳಗೆ ತಂಗಬಾರದು ಎಂದು ಹೊಸ ನಿಯಮ ಮಾಡಿದ್ದಾರೆ, ಸುಮ್ಮನೆ ತೊಂದರೆ. ಮೊಣಕಾಲು ನೋವು ಹೇಗಿದೆ?

ಹೊಟ್ಟೆ ಉರಿದುಕೊಂಡಿರುವ,
ನಿನ್ನ ಮಗಳು


ಫೆಬ್ರವರಿ 9

ನನ್ನ ಮರಕುಟಿಗ ಹಕ್ಕಿಗೆ,

ಪುಟ್ಟ ಸುತ್ತಿಗೆ ಹಿಡಿದು ಕಂಡ ಕಂಡ ಮರಕ್ಕೆ ಕುಟ್ಟಿ ಕಿವಿಗೊಡುವವಳಿಗೆ ನಾನೇ ಇಟ್ಟ ಹೆಸರು ಇದು. ಕೋಪ ಬಂದಿದೆ ಅಂತ ಬದಲಾಯಿಸುವುದಿಲ್ಲ. ಆದರೆ ಕೋಪ ಬಂದಿದೆ.

ನಿನ್ನ ಸಸಿಗಳನ್ನು ನೆಟ್ಟಗೆ ಮಾಡಿದ್ದು ನಾನು. ಕದ್ದು ಮಾಡಿದ್ದಲ್ಲ, ಹಾಡುಹಗಲಲ್ಲಿ, ಎರಡು ದಿನ ಕೂತು ಮಾಡಿದ್ದು. ನೀನು ಬಂದು ನೋಡಿ ಕುಣಿದಾಡುತ್ತೀಯ, ಫೋನು ಮಾಡಿ "ಅಮ್ಮಾ, ನಿನ್ನ ಕೈಯೇ ಕೈ" ಅನ್ನುತ್ತೀಯ ಎಂದು ತಿಂಗಳಿಡೀ ಕಾದಿದ್ದೇನೆ. ಬಂದದ್ದು ಈ ಕಾಗದ.

ಬುದ್ಧಿ ಇಲ್ಲದೆ ಮಾಡಿದೆ ಅನ್ನಬೇಡ. ಹೊರಡುವ ಹಿಂದಿನ ದಿನ ನನ್ನನ್ನು ನರ್ಸರಿಗೆ ಕರೆದುಕೊಂಡು ಹೋಗಿ ತೋರಿಸಿದವಳು ನೀನೇ. "ಇವನ್ನ ಯಾಕೆ ಹೀಗೆ ಸೊಟ್ಟ ಕಟ್ಟಿದ್ದೀಯ?" ಅಂತ ಕೇಳಿದೆ. "ಅದೆಲ್ಲ ನಿನಗೆ ಅರ್ಥ ಆಗಲ್ಲ ಬಾಮ್ಮಾ" ಎಂದು ಫೋನು ನೋಡುತ್ತಾ ಮುಂದೆ ಹೋದೆ. ನಾನು ಮಕ್ಕಳ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ತಲೆ ನೆರೆಸಿಕೊಂಡವಳು. ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದ ಕೂಸುಗಳನ್ನು ತಾಯಂದಿರು ತಂದು ಮೇಜಿನ ಮೇಲೆ ಮಲಗಿಸುತ್ತಿದ್ದರು. ವಾರ ವಾರವೂ ಆ ಪಾದವನ್ನು ಕೂದಲೆಳೆಯಷ್ಟು ತಿರುಗಿಸಿ, ಹತ್ತಿ ಸುತ್ತಿ, ಪಟ್ಟಿ ಕಟ್ಟಿ ನೆಟ್ಟಗೆ ಮಾಡಿದ ಕೈ ಇದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ನನ್ನ ಕೆಲಸ ತಿರುಗುಮುರುಗು: ಕೂಸಾಗಿ ನೆಟ್ಟಗಾಗದ್ದು ಆಳಾಗಿ ನೆಟ್ಟಗಾದೀತೇ? ಇಂಥವಳ ಕಣ್ಣಿಗೆ ಬೆರಳು ಗಾತ್ರದ ಎಳೆ ಕಾಂಡಗಳನ್ನು ಸೊಟ್ಟಗೆ ಬಿಗಿದು ತೋರಿಸಿ, ಅರ್ಥ ಆಗಲ್ಲ ಅಂದು ಬಸ್ಸು ಹತ್ತಿದೆ. ಸುಮ್ಮನಿರಲು ನಾನೇನು ಕಲ್ಲೇ? ನನ್ನ ಗಂಟು ಒಂದಾದರೂ ತೊಗಟೆ ಕಚ್ಚಿತ್ತಾ, ಅದನ್ನು ಹೇಳು.

ಅದು ಹಾಗಿರಲಿ. ನೀರಕ್ಕನನ್ನು ಯಾಕೆ ತೆಗೆದಿರಿ? ಅವಳು ಮಾಡಿದ್ದು ಬಾಗಿಲು ತೆರೆದದ್ದು, ಕುಂಡ ಹಿಡಿದುಕೊಂಡದ್ದು, ಅಷ್ಟೇ. "ಮೇಡಂಗೆ ಗೊತ್ತಲ್ವಾ ಅಮ್ಮಾ?" ಅಂತ ಕೇಳಿಯೇ ಕೇಳಿದಳು. "ಗೊತ್ತು ಗೊತ್ತು" ಅಂದೆ. ಆ ಮಾತು ನನ್ನದು, ಅದರ ಪಾಪವೂ ನನ್ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಲ್ಲ! ಮೇಜಿನ ಹಿಂದೆ ಅಷ್ಟು ಜನ ಓದಿದವರು ಕೂತಿದ್ದಿರಿ, ಯಾರಿಗೂ ನಾಚಿಕೆಯಾಗಲಿಲ್ಲವೇ?

ನಿನಗೆ ಗೊತ್ತಿರಲಿಲ್ಲ, ಆದ್ದರಿಂದ ಇಲ್ಲಿಯವರೆಗೆ ನಿನ್ನ ತಪ್ಪಿಲ್ಲ. ಈಗ ಗೊತ್ತಾಯಿತಲ್ಲ. ಕಾಗದ ಕೈಗೆ ಬಂದ ದಿನವೇ ನಿರ್ದೇಶಕರ ಹತ್ತಿರ ಹೋಗಿ, ನಮ್ಮಮ್ಮ ಮಾಡಿದ್ದು ಎಂದು ಹೇಳು. ಏನು ಬೈಯುವುದಿದ್ದರೂ ನನ್ನನ್ನು ಬೈಯಲಿ. ಮೊಣಕಾಲು ಹಾಗೇ ಇದೆ.

ನಿನ್ನ ಅಮ್ಮ


ಫೆಬ್ರವರಿ 20

ಅಮ್ಮಾ,

ನೀನು! ನನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅರ್ಥ ಆಗಲ್ಲ ಅಂದದ್ದು ತಪ್ಪು, ಒಪ್ಪಿದೆ. ಈಗ ಅರ್ಥ ಮಾಡಿಸುತ್ತೇನೆ, ನೀನು ಏನು ಹಾಳು ಮಾಡಿದೆ ಎನ್ನುವುದಾದರೂ ಗೊತ್ತಾಗಲಿ.

ಇವು ಸೂಜಿ ಎಲೆಯ ಮರಗಳ ಸಸಿಗಳು. ಕುಂಡದಲ್ಲಿ ನೆಟ್ಟಗೆ ಬಿಟ್ಟರೆ ಯಾವುದೂ ನಿಜಕ್ಕೂ ನೆಟ್ಟಗಿರುವುದಿಲ್ಲ. ಇವತ್ತು ಅತ್ತ ವಾಲುತ್ತದೆ, ನಾಳೆ ಇತ್ತ. ವಾಲಿದಾಗಲೆಲ್ಲ ತನ್ನನ್ನು ಮೇಲಕ್ಕೆ ದಬ್ಬಿಕೊಳ್ಳಲು ವಾಲಿದ ಮಗ್ಗುಲಲ್ಲಿ ಒಂದು ಬಗೆಯ ಒರಟು ಮರವನ್ನು ಬೆಳೆಸಿಕೊಳ್ಳುತ್ತದೆ. ಆ ಒರಟು ಮರ ಕಾಂಡದ ಸುತ್ತ ಅಲ್ಲಲ್ಲಿ ಬೆರೆತುಹೋದರೆ, ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗೆ. ಅಳೆದರೆ ಅಕ್ಕಿಯ ತೂಕವೋ ಕಲ್ಲಿನ ತೂಕವೋ ತಿಳಿಯುವುದಿಲ್ಲ. ಅದಕ್ಕೇ ಮೊದಲಿಂದಲೂ ಒಂದೇ ಕಡೆಗೆ ಬಗ್ಗಿಸಿ ಕಟ್ಟುವುದು. ಒರಟು ಮರವೆಲ್ಲ ಕೆಳಮಗ್ಗುಲಲ್ಲಿ ಸೇರಿಕೊಳ್ಳುತ್ತದೆ, ಮೇಲಿನ ಮಗ್ಗುಲು ಶುದ್ಧವಾಗಿ ಉಳಿಯುತ್ತದೆ. ಆ ಶುದ್ಧ ಮಗ್ಗುಲಿಂದ ಸಣ್ಣ ಕಡ್ಡಿ ಸೀಳಿ, ಸದ್ದು ಅದರಲ್ಲಿ ಎಷ್ಟು ಬೇಗ ಓಡುತ್ತದೆ, ಒಣಗಿದಾಗ ಉದ್ದದಲ್ಲಿ ಎಷ್ಟು ಕುಗ್ಗುತ್ತದೆ ಎಂದು ನೋಡುತ್ತೇವೆ. ಸದ್ದು ಚುರುಕಾಗಿ ಓಡಿದರೆ ಮರ ಬಿಗಿ. ಉದ್ದಕ್ಕೆ ಕುಗ್ಗಿದರೆ ಮುಂದೆ ಹಲಗೆ ಡೊಂಕಾಗುತ್ತದೆ. ಬಗ್ಗಿಸಿದ್ದು ಹಿಂಸೆಯಲ್ಲ ಅಮ್ಮಾ, ಅದು ನನ್ನ ತಕ್ಕಡಿ. ನೀನು ತಕ್ಕಡಿಯನ್ನೇ ಮುರಿದೆ. ತಿಂಗಳಿಡೀ ನೆಟ್ಟಗೆ ನಿಂತು ಈಗ ಸುತ್ತಲೂ ಒರಟು ಮರ ಬೆಳೆಸಿಕೊಂಡಿವೆ.

ಇನ್ನೂ ಕೇಳು. ಒಂದೊಂದು ಸಾಲೂ ಒಂದೊಂದು ತಾಯಿಮರದ ಮಕ್ಕಳು. ಮಕ್ಕಳನ್ನು ಅಳೆದು ತಾಯಿಮರಕ್ಕೆ ಅಂಕ ಕೊಡುತ್ತೇವೆ. ಅಂಕ ಕಡಿಮೆ ಬಂದರೆ ಆ ಮರದ ಬೀಜವನ್ನು ಮುಂದೆ ಯಾರೂ ನೆಡುವುದಿಲ್ಲ. ಸೊಟ್ಟ ಹಲಗೆಯ ಕಾಡು ಬೆಳೆಸಿ, ಮೂವತ್ತು ವರ್ಷ ಕಾದು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂರುವುದು ತಪ್ಪಲಿ ಎಂದು ಏಳು ವರ್ಷದಿಂದ ಒದ್ದಾಡುತ್ತಿದ್ದೇನೆ. ದಯವಿಟ್ಟು ಇದಕ್ಕೆ ನಿನ್ನ ಆಸ್ಪತ್ರೆಯ ಕೂಸುಗಳ ಹೋಲಿಕೆ ತರಬೇಡ. ಮರ ಮರವೇ, ಮಗು ಮಗುವೇ.

ನೀರಕ್ಕನ ವಿಷಯ. ಈಗ ಹೋಗಿ ಹೇಳಿದರೆ, ಹೊರಗಿನವರನ್ನು ಒಳಗೆ ಬಿಟ್ಟುಕೊಂಡವಳು ನಾನು ಎಂದಾಗುತ್ತದೆ. ಮುಂದಿನ ತಿಂಗಳು ಕಾಯಂ ಮಾಡುವವರ ಪಟ್ಟಿ ಹೊರಡುತ್ತದೆ. ಸಸಿ ಕೆಟ್ಟದ್ದು ನನ್ನ ತಪ್ಪಲ್ಲ ಎಂದು ನನ್ನ ಹೆಸರನ್ನು ಅದರಲ್ಲಿ ಉಳಿಸಿದ್ದಾರೆ. ಅದೊಂದು ಮುಗಿಯಲಿ. ಅವಳು ದುಡಿಯುವ ಹೆಂಗಸು, ಎಲ್ಲಾದರೂ ಕೆಲಸ ಸಿಕ್ಕೇ ಸಿಗುತ್ತದೆ. ನಾನೇ ನಾಲ್ಕು ಕಡೆ ಹೇಳುತ್ತೇನೆ. ಮಾಡಿದವಳು ನೀನು, ಪಾಡು ಪಡುತ್ತಿರುವವಳು ನಾನು, ಮೇಲೆ ಉಪದೇಶ ಬೇರೆ.

ನಿನ್ನ ಮಗಳು


ಫೆಬ್ರವರಿ 26

ಮಗಳಿಗೆ,

ಮರದ ಪಾಠ ಚೆನ್ನಾಗಿ ಹೇಳಿದೆ. ಈಗ ಅರ್ಥವಾಯಿತು. ಅಂದೇ ಹೀಗೆ ಹೇಳಿದ್ದರೆ ನಾನು ಒಂದು ಕೋಲನ್ನೂ ಮುಟ್ಟುತ್ತಿರಲಿಲ್ಲ. ಕೇಳದೆ ಮುಟ್ಟಿದ್ದು ನನ್ನ ತಪ್ಪು, ಆ ತಪ್ಪನ್ನು ಯಾರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ.

ಆದರೆ ಅಷ್ಟುದ್ದದ ಕಾಗದದಲ್ಲಿ ನಾನು ಒಂದೇ ಒಂದು ಸಾಲು ಹುಡುಕಿದೆ, ಕನ್ನಡಕ ಒರೆಸಿಕೊಂಡು ಎರಡನೇ ಸಲವೂ ಹುಡುಕಿದೆ. ಸಿಗಲಿಲ್ಲ. "ಎಲ್ಲಾದರೂ ಕೆಲಸ ಸಿಕ್ಕೇ ಸಿಗುತ್ತದೆ" ಅಂತೆ! ನಿನಗೂ ಸಿಗುತ್ತದಲ್ಲ, ನೀನೇ ಹುಡುಕಿಕೊ.

ಹೇಳುತ್ತೀಯೋ ಇಲ್ಲವೋ?

ಅಮ್ಮ


ಏಪ್ರಿಲ್ 2

ಮಗಳಿಗೆ,

ಒಂದು ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಫೋನು ಮಾಡಿ ಮೊಣಕಾಲು ವಿಚಾರಿಸಿದೆ, ಮಾತ್ರೆ ವಿಚಾರಿಸಿದೆ, ನಾನು ನೀರಕ್ಕನ ಹೆಸರೆತ್ತಿದ ಕೂಡಲೇ "ಸರಿಯಾಗಿ ಕೇಳಿಸ್ತಿಲ್ಲ ಅಮ್ಮಾ" ಅಂದೆ. ಕಿವಿ ಮಂದವಾಗಿರುವುದು ನನಗೋ ನಿನಗೋ?

ಮೊನ್ನೆ ನಿಮ್ಮ ಕೇಂದ್ರದ ಗೇಟಿನವರೆಗೆ ಬಂದಿದ್ದೆ. ನಿನ್ನ ಕ್ವಾರ್ಟರ್ಸಿನ ಕಿಟಕಿ ಅಲ್ಲಿಂದ ಕಾಣುತ್ತದೆ. ಒಳಗೆ ಬರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ನೀರಕ್ಕ ಎಲ್ಲಿ ಎಂದು ವಿಚಾರಿಸಿ, ಬಸ್ಸು ಹತ್ತಿ ಅವಳಿರುವಲ್ಲಿಗೆ ಹೋದೆ. ತಂಗಿಯ ಮನೆಯ ಹಜಾರದಲ್ಲಿ ಪರದೆ ಕಟ್ಟಿಕೊಂಡು ಗಂಡ ಹೆಂಡಿರಿಬ್ಬರೂ ಇದ್ದಾರೆ. ಹಗಲೆಲ್ಲ ಪಕ್ಕದ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ನಿಂತಿರುತ್ತಾಳೆ. ನಾಲ್ಕು ಕಡೆ ಹೇಳುತ್ತೇನೆ ಅಂದಿದ್ದೆಯಲ್ಲ, ಒಂದು ಕಡೆಯಿಂದಲೂ ಯಾರೂ ಅವಳನ್ನು ಕರೆದಿಲ್ಲ.

ನನ್ನನ್ನು ನೋಡಿ ಅವಳು ಬೈಯಬೇಕಾಗಿತ್ತು. ಸ್ಟೂಲು ಎಳೆದು, "ಕೂತ್ಕೊಳ್ಳಿ ಅಮ್ಮಾ, ಕಾಲು ನೋವಿರುತ್ತೆ" ಅಂದಳು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

"ಅಷ್ಟೂ ಜನರ ಮುಂದೆ ನನ್ನ ಹೆಸರು ಯಾಕೆ ಹೇಳಲಿಲ್ಲ ನೀವು?" ಅಂದೆ.

"ಮೇಡಂ ಅಲ್ಲೇ ಇದ್ರಲ್ಲಮ್ಮಾ. ಅವರ ತಾಯಿ ಹೆಸರು ನಾನು ಹೇಳೋದಕ್ಕಿಂತ ಅವರೇ ಹೇಳ್ತಾರೆ ಅಂತ ಅವರ ಮುಖ ನೋಡ್ತಾ ಕಾದೆ."

"ಅವಳಿಗೆ ಗೊತ್ತಿರಲಿಲ್ಲ ತಾಯಿ. ನಾನು ಆಮೇಲೆ ಬರೆದು ತಿಳಿಸಿದ್ದು."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಹೇಳಲೋ ಬೇಡವೋ ಎನ್ನುವ ಹಾಗಿತ್ತು.

"ಗೊತ್ತಿತ್ತಮ್ಮಾ" ಅಂದಳು. "ಅವತ್ತು ಸಸಿ ಬಿಚ್ಚಿ ಅಂದಾಗ ನಾವು ಮೂರು ನಾಲ್ಕು ಜನ ನಿಮ್ಮ ಗಂಟಿಗೆ ಕೈ ಹಾಕಿದ್ವಿ. ಉಗುರು ಕಿತ್ತುಬಂತು, ಗಂಟು ಬರಲಿಲ್ಲ. ಹಲ್ಲಲ್ಲಿ ಕಚ್ಚಿದ್ರೂ ಬರಲಿಲ್ಲ. ಮೇಡಂ ಕೂಗಾಡ್ತಾ ಬಂದ್ರು. ಒಂದು ಗಂಟಿನ ಮೇಲೆ ಬೆರಳಿಟ್ರು ನೋಡಿ, ಕೂಗೋದು ನಿಂತೇಹೋಯ್ತು. ಪಕ್ಕದಲ್ಲಿ ಎಲ್ಲೋ ಒತ್ತಿ, ಒಳಗಿಂದ ಏನೋ ಎಳೆದ್ರು. ಗಂಟು ತಾನಾಗೇ ಬಿಚ್ಕೊಳ್ತು. ಆಮೇಲೆ ನನ್ನ ಕಡೆ ತಿರುಗಿ ನೋಡಿದ್ರು. ನಾನೂ ನೋಡಿದೆ. 'ಕತ್ತರಿ ತಗೊಂಡು ಬನ್ನಿ, ಎಲ್ಲಾ ಕತ್ತರಿಸಿಬಿಡಿ' ಅಂದ್ರು."

ಆ ಗಂಟು ಪ್ಲಾಸ್ಟರ್ ಕೋಣೆಯಲ್ಲಿ ನಾನೇ ಕಂಡುಕೊಂಡದ್ದು. ಹಠಮಾರಿ ಮಕ್ಕಳು ಪಟ್ಟಿ ಕಿತ್ತುಕೊಳ್ಳಬಾರದೆಂದು ಚಪ್ಪಟೆಯಾಗಿ ಹಾಕಿ ಬಾಲವನ್ನು ಒಳಗೆ ಅಡಗಿಸುವ ಗಂಟು. ನರ್ಸುಗಳಿಗೂ ಹೇಳಿಕೊಟ್ಟಿರಲಿಲ್ಲ. ಬಿಚ್ಚುವುದನ್ನು ಕಲಿಸಿದ್ದು ಒಬ್ಬಳಿಗೇ. ಮಾಳಿಗೆ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡು, ಕುತ್ತಿಗೆಗೆ ಪಟ್ಟಿ ತೂಗಿಸಿಕೊಂಡು, "ಅಮ್ಮಾ ತುರಿಕೆ, ಅಮ್ಮಾ ತುರಿಕೆ" ಎಂದು ಅಳುತ್ತಿದ್ದ ಹುಡುಗಿಗೆ. "ಯಾರಿಗೂ ಹೇಳಬಾರದು, ಇದು ನಮ್ಮಿಬ್ಬರ ಗಂಟು" ಅಂದಿದ್ದೆ. ಮಾತು ಉಳಿಸಿಕೊಂಡೆಯಲ್ಲ, ಮಗಳೇ! ಎಂಥ ಜಾಗದಲ್ಲಿ ಉಳಿಸಿಕೊಂಡೆ!

ಹಾಗಾದರೆ "ನೀನು ಬಂದ ಸುದ್ದಿ ಎತ್ತಬೇಡ" ಎಂದು ಬರೆದದ್ದು ನಿಯಮಕ್ಕಲ್ಲ. "ಎಂಥ ಗಟ್ಟಿ ಹೆಂಗಸು" ಎಂದು ಬರೆದೆ, ಅವಳು ಏಕೆ ನಿನ್ನ ಮುಖ ನೋಡುತ್ತಿದ್ದಾಳೆ ಎಂದು ಗೊತ್ತಿದ್ದೂ ಬರೆದೆ. ನಾನೇ ಮಾಡಿದ್ದು ಎಂದು ನಾನು ಬರೆದಾಗ "ನೀನು!" ಎಂದು ಆಶ್ಚರ್ಯದ ಗುರುತು ಬೇರೆ ಹಾಕಿದೆ. ಆ ಗುರುತು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸುಳ್ಳು ಹೇಳಿದ್ದಕ್ಕಿಂತ ಅದನ್ನು ಅಷ್ಟು ಚೆಂದ ಮಾಡಿ ಹೇಳಿದ್ದಕ್ಕೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಿನ್ನನ್ನು ತೋರಿಸಿ ಎಷ್ಟು ಜನರ ಹತ್ತಿರ ಹೇಳಿದ್ದೇನೋ. ಎರಡು ವರ್ಷದ ಸಸಿ ನೋಡಿ ಮೂವತ್ತು ವರ್ಷದ ಮರ ಹೇಳುವವಳು ನೀನು. ನಾನು ನಿನ್ನನ್ನು ಹುಟ್ಟಿದ ದಿನದಿಂದ ನೋಡುತ್ತಿದ್ದೇನೆ, ನನಗೆ ಇದು ಕಾಣಲಿಲ್ಲ. ಮಕ್ಕಳನ್ನು ಅಳೆದು ತಾಯಿಮರಕ್ಕೆ ಅಂಕ ಕೊಡುತ್ತೀರಂತಲ್ಲ, ನನಗೆಷ್ಟು ಬಂತು ಎಂದು ನೀನೇ ಬರೆದುಕೊ.

ನಿಮ್ಮ ನಿರ್ದೇಶಕರ ವಿಳಾಸ ನನ್ನ ಹತ್ತಿರ ಇದೆ. ಒಂದು ಕಾಗದ ಹಾಕಿದರೆ ಮುಗಿಯಿತು. ನೀರಕ್ಕನಿಗೂ ಹಾಗೇ ಹೇಳಿದೆ. "ಬೇಡಮ್ಮಾ, ಮೇಡಂ ಬಾಯಲ್ಲೇ ಬರ್ಲಿ" ಅಂದಳು. ಅವಳು ಹೇಳಿದ ಮೇಲೆ ನಾನು ಬರೆಯುವುದಿಲ್ಲ.

ಇಂತಿ,
ಆ ಗಂಟು ಕಟ್ಟಿದವಳು


ಏಪ್ರಿಲ್ 29

ಅಮ್ಮಾ,

ನಿನ್ನ ಕಾಗದವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಎರಡು ವಾರ ಮಲಗಿದೆ. ಮೂರನೇ ವಾರ ಹೇಳಿದೆ.

ಗಂಟಿನ ಮೇಲೆ ಬೆರಳಿಟ್ಟ ಕೂಡಲೇ ಗೊತ್ತಾಗಿತ್ತು. ಅದರ ಮೇಲೆ ನಿನ್ನ ಹೆಸರು ಬರೆದಿದ್ದರೂ ಅಷ್ಟು ಬೇಗ ಗೊತ್ತಾಗುತ್ತಿರಲಿಲ್ಲ. ಹೆದರಿದೆ ಅಮ್ಮಾ. ಗರಗಸ ಮೇಷ್ಟ್ರು ನಗುತ್ತಾರೆ, ತಾಯಿಯನ್ನು ಕರೆತಂದು ಕೆಲಸ ಕೆಡಿಸಿಕೊಂಡವಳು ಎಂದು ಎಲ್ಲರೂ ನಗುತ್ತಾರೆ ಎಂದು ಹೆದರಿದೆ. ನೀರಕ್ಕ ಬಾಯಿ ಬಿಡಲಿಲ್ಲ ಎಂದು ಅವಳ ಮೇಲೇ ಸಿಟ್ಟು ಬಂತು. ನಿನಗೆ ಆ ಮೊದಲ ಕಾಗದ ಬರೆಯುವಾಗ, ಬರೆಯುತ್ತಾ ಬರೆಯುತ್ತಾ ಅದನ್ನೇ ನಂಬಿದೆ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ನಿರ್ದೇಶಕರು ನಂಬಲಿಲ್ಲ. ಪಾಪ ಎಂದು ಆ ಹೆಂಗಸನ್ನು ಉಳಿಸಲು ಕಥೆ ಕಟ್ಟುತ್ತಿದ್ದೇನೆ ಅಂದುಕೊಂಡರು. "ನಿಮ್ಮ ತಾಯೀನೇ ಮಾಡಿದ್ದು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ?" ಅಂದರು. ಏನೂ ಇರಲಿಲ್ಲ, ಎಲ್ಲವನ್ನೂ ನಾನೇ ಕತ್ತರಿಸಿ ಎಸೆಯಿಸಿದ್ದೆನಲ್ಲ. ಆಗ ಗರಗಸ ಮೇಷ್ಟ್ರು ಎದ್ದು ತಮ್ಮ ಕೋಣೆಗೆ ಹೋಗಿ ಬಂದರು. ಅಂಗೈಯಲ್ಲಿ ನಿನ್ನ ಒಂದು ಗಂಟು, ತುದಿಗಳಲ್ಲಿ ಕತ್ತರಿಸಿದ್ದು. ಅವತ್ತು ಕಸದಲ್ಲಿ ಬಿದ್ದಿದ್ದನ್ನು ಎತ್ತಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರಂತೆ. "ಅವತ್ತಿಂದ ಬಿಚ್ಚೋಕೆ ನೋಡ್ತಾ ಇದ್ದೀನಿ ಕಣಮ್ಮ" ಎಂದು ನನ್ನ ಮುಂದಿಟ್ಟರು.

ಪಕ್ಕದಲ್ಲಿ ಒತ್ತಿದೆ, ಬಾಲ ಎಳೆದೆ. ಬಿಚ್ಚಿಕೊಂಡಿತು. ಅದೇ ಚೂರು ಬಟ್ಟೆಯಲ್ಲಿ ಮತ್ತೆ ಕಟ್ಟಿ ತೋರಿಸಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಕಾಯಂ ಮಾಡುವವರ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಸಸಿಗಳ ಕೆಲಸ ಹೊಸದಾಗಿ ಶುರುವಾಗುತ್ತದೆ, ಆದರೆ ಗರಗಸ ಮೇಷ್ಟ್ರ ಕೈಕೆಳಗೆ. ಅವರು ಇನ್ನೂ ನಂಬಿಲ್ಲ. "ಅಳೆದು ತೋರ್ಸು, ಆಮೇಲೆ ನೋಡೋಣ" ಅಂದಿದ್ದಾರೆ. ನೀರಕ್ಕ ಗೇಟಿನ ಕೋಣೆಗೆ ವಾಪಸ್ ಬಂದಿದ್ದಾಳೆ. ಇಸ್ತ್ರಿ ಅಂಗಡಿಗೆ ಹೋಗಿ ಕರೆದವಳು ನಾನೇ. ತಪ್ಪಾಯಿತು ಅಂದೆ. "ಆಯ್ತು ಮೇಡಂ" ಅಂದಳು, ಅಷ್ಟೇ. ನರ್ಸರಿಯ ಕೀಲಿ ಕೊಡಹೋದರೆ, "ಅದು ನಿಮ್ಮ ಹತ್ರಾನೇ ಇರ್ಲಿ, ನಾನು ಬಂದು ಕೇಳಿ ತಗೋತೀನಿ" ಅಂದಳು. ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಕೀಲಿ ಕೇಳುತ್ತಾಳೆ. ದಿನಾ ಬೆಳಿಗ್ಗೆ ನಾನು ಅವಳ ಮುಖ ನೋಡಿ ಕೊಡಬೇಕು.

ಈಗ ನನ್ನ ಸಿಟ್ಟನ್ನೂ ಕೇಳು, ಇಲ್ಲದಿದ್ದರೆ ಈ ಕಾಗದ ಮತ್ತೊಂದು ಸುಳ್ಳಾಗುತ್ತದೆ. "ಮೇಡಂಗೆ ಗೊತ್ತಲ್ವಾ" ಎಂದು ಅವಳು ಕೇಳಿದಾಗ "ಗೊತ್ತು ಗೊತ್ತು" ಅಂದವಳು ನೀನು. ಮೊದಲ ಸುಳ್ಳು ನಿನ್ನದು. ನಾನು ಅದರ ಮೇಲೆ ಮನೆ ಕಟ್ಟಿದೆ, ನಿಜ. ಆದರೆ ಕೇಳಬಹುದಿತ್ತು ಅಮ್ಮಾ. ಅರ್ಥ ಆಗಲ್ಲ ಎಂದು ನಾನು ಅಂದರೆ ಕಪಾಳಕ್ಕೆ ಒಂದು ಬಿಟ್ಟು ಕೇಳಬಹುದಿತ್ತು. ನನ್ನ ಸಸಿಗಳನ್ನು ಯಾಕೆ ಮುಟ್ಟಿದೆ?

ನಿನ್ನ ಮಗಳು


ಮೇ 7

ನನ್ನ ಮರಕುಟಿಗ ಹಕ್ಕಿಗೆ,

ಹೇಳಿದೆ ಎಂದು ನಿನ್ನನ್ನು ಹೊಗಳುವುದಿಲ್ಲ. ಹೇಳಲೇಬೇಕಾದದ್ದನ್ನು ಹೇಳಿದವರಿಗೆ ಹಾರ ಹಾಕುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಅದೂ ಮೂರನೇ ವಾರ!

ಮೊದಲ ಸುಳ್ಳು ನನ್ನದು. ಸರಿಯಾಗಿ ಹೇಳಿದೆ. ಓದಿದಾಗ ಚುರುಕ್ ಅಂದಿತು, ಆಮೇಲೆ ಸಿಟ್ಟು ಬಂತು, ಆಮೇಲೆ ನಿಜ ಅನ್ನಿಸಿತು. ನೆಟ್ಟಗೆ ಮಾಡುವುದೊಂದೇ ಕಲಿತ ಕೈ, ಕೇಳುವುದನ್ನು ಕಲಿಯಲಿಲ್ಲ. ನೀರಕ್ಕನಿಗೂ ಇದನ್ನೇ ಹೇಳಬೇಕು, ಕಾಗದದಲ್ಲಲ್ಲ, ಎದುರಿಗೆ ಕೂತು.

ಅದಕ್ಕೇ ಬರುತ್ತಿದ್ದೇನೆ. ಹೊಸ ಸಸಿಗಳನ್ನು ಯಾವಾಗ ಕಟ್ಟುತ್ತೀರಿ ಎಂದು ಗರಗಸ ಮೇಷ್ಟ್ರಿಗೇ ಫೋನು ಮಾಡಿ ಕೇಳಿದೆ. ಅವರ ದನಿ ಒಳ್ಳೆಯ ದೊಡ್ಡ ದನಿ, ಒಂದೊಂದು ಮಾತೂ ಕೇಳಿಸಿತು. "ಬನ್ನಿ ತಾಯಿ, ಆದ್ರೆ ಈ ಸಲ ನಾವು ಹೇಳಿದ ಕಡೆಗೇ ಬಗ್ಗಿಸ್ಬೇಕು" ಎಂದು ನಕ್ಕರು. ನಗಲಿ. ಗೇಟಿನಲ್ಲಿ ಹೆಸರು ಬರೆಸಿ, ಚೀಟಿ ತೆಗೆದುಕೊಂಡೇ ಒಳಗೆ ಬರುತ್ತೇನೆ. ನಿನ್ನ ಕ್ವಾರ್ಟರ್ಸಿನಲ್ಲಿ ಇಳಿದುಕೊಳ್ಳುವುದಿಲ್ಲ, ನೀರಕ್ಕ ಕರೆದರೆ ಅವಳ ಕೋಣೆಯಲ್ಲಿ, ಇಲ್ಲದಿದ್ದರೆ ಸಂಜೆಯ ಬಸ್ಸಿಗೆ ವಾಪಸ್ಸು. ನಿನ್ನ ಮೇಲಿನ ಕೋಪ ಇನ್ನೂ ಇದೆ, ಅದು ಹೋಗುವಾಗ ಹೋಗುತ್ತದೆ.

ಒಂದೊಂದು ಸಸಿಯನ್ನೂ ನನ್ನ ಕೈಯಾರೆ ಸೊಟ್ಟಗೆ ಕಟ್ಟುತ್ತೇನೆ. ಕಟ್ಟುವಾಗ ಬಾಯಿಗೆ ಬಂದ ಹಾಗೆ ಬೈಯುತ್ತೇನೆ, ತಡೆಯಬೇಡ. ತೊಗಟೆ ಕಚ್ಚದ ಹಾಗೆ ಕಟ್ಟಬೇಕಾದರೆ ಅದೇ ಗಂಟು ಹಾಕಬೇಕು, ಬೇರೆ ನನಗೆ ಬರುವುದಿಲ್ಲ. ಮೊದಲ ದಿನವೇ ನೀರಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಕಲಿಸಿಕೊಡುತ್ತೇನೆ, ಬಿಚ್ಚುವುದನ್ನೂ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗಂಟು ಇನ್ನು ಬೇಡ.

ನಿನ್ನ ಅಮ್ಮ